ಅಜ್ಜಿಯ ಪರವಾಗಿ 'ಒಪ್ಪಿದೆ' ಒತ್ತುವ ಬೆರಳು ಯಾರದು?

(ಕಂಬೈನಲ್ಲೂರಿನಲ್ಲಿ ಗಡಿ ತಾಲ್ಲೂಕುಗಳ ಕನ್ನಡ ಯುವಜನರ ಮುಂದೆ ಆಡಿದ ಮಾತಿನ ಬರಹ ರೂಪ. ಬರಲಾಗದವರು ಕೇಳಿದ್ದರಿಂದ ಪುಟದಲ್ಲಿ ಹಾಕುತ್ತಿದ್ದೇವೆ. ಪೂರ್ತಿ ಓದಿ, ಮನೆಯವರಿಗೂ ಓದಿ ಹೇಳಿ.)

 

ನಾವು ಸೇರಿದಾಗಲೆಲ್ಲ ಮಾತಾಡೋದು ಶಾಲೆ, ಪಠ್ಯಪುಸ್ತಕ, ಕನ್ನಡ ಮೇಷ್ಟ್ರ ಖಾಲಿ ಹುದ್ದೆ, ಬೋರ್ಡು. ಅದು ಬೇಕು, ಬಿಡೋ ಹಾಗಿಲ್ಲ. ಇವತ್ತು ಮಾತ್ರ ಆಸ್ಪತ್ರೆಯ ವಿಷಯ. ಅದರಲ್ಲೂ ಹೊಸ ಔಷಧ, ಹೊಸ ಲಸಿಕೆಯನ್ನ ಜನರ ಮೇಲೆ ಪರೀಕ್ಷೆ ಮಾಡುವ ಕ್ಲಿನಿಕಲ್ ಟ್ರಯಲ್, ಅದಕ್ಕೆ ಜನರಿಂದ ತೆಗೆದುಕೊಳ್ಳುವ ಒಪ್ಪಿಗೆ, ಆ ಒಪ್ಪಿಗೆ ಈಗ ಕಾಗದದಿಂದ ಟ್ಯಾಬ್ಲೆಟ್ಟಿಗೆ, ಮೊಬೈಲಿಗೆ ಬರುತ್ತಿರುವ ವಿಷಯ. ಇದಕ್ಕೂ ಕನ್ನಡಕ್ಕೂ ಏನು ಸಂಬಂಧ ಅಂತ ಹಿಂದಿನ ಸಾಲಿನಲ್ಲಿ ಯಾರೋ ಕೇಳಿದರು. ಸಂಬಂಧ ಇದೆ, ಬಹಳ ಹತ್ತಿರದ ಸಂಬಂಧ ಇದೆ.

ಮೊದಲು ಒಂದು ಮಾತು ಸ್ಪಷ್ಟ ಮಾಡ್ತೀವಿ. ಟ್ರಯಲ್ ಅಂದ ಕೂಡಲೇ 'ನಮ್ಮನ್ನ ಇಲಿ ಮಾಡ್ತಾರೆ' ಅನ್ನೋ ವಾಟ್ಸಾಪ್ ಮಾತಿಗೆ ನಾವು ಕೈ ಜೋಡಿಸೋದಿಲ್ಲ. ಟ್ರಯಲ್ ಇಲ್ಲದೆ ಔಷಧ ಇಲ್ಲ. 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗಿಗಳ ಮೇಲೆ ಒಂದು ಅಧ್ಯಯನ ಶುರುವಾಯಿತು. ಅರ್ಧ ಜನ ಸ್ಯಾನಿಟೋರಿಯಂನಲ್ಲಿ, ಅರ್ಧ ಜನ ತಮ್ಮ ಮನೆಯಲ್ಲೇ ಇದ್ದು ಮಾತ್ರೆ ತಿಂದರು. ಮನೆಯಲ್ಲಿ ಇದ್ದವರೂ ಸ್ಯಾನಿಟೋರಿಯಂನವರ ಹಾಗೇ ಗುಣ ಆದರು. ಇವತ್ತು ನಮ್ಮೂರಲ್ಲಿ ಟಿ.ಬಿ. ಬಂದವರು ಮನೆಯಲ್ಲೇ ಉಳಿದು, ಮಕ್ಕಳ ಮುಖ ನೋಡಿಕೊಂಡು ಮಾತ್ರೆ ತಿನ್ನುತ್ತಾರಲ್ಲ, ಅದರ ಹಿಂದೆ ಆ ಅಧ್ಯಯನ ಇದೆ. ಆದ್ದರಿಂದ ನಮ್ಮ ಜಗಳ ಟ್ರಯಲ್ ಜೊತೆ ಅಲ್ಲ. ಅರ್ಥ ಆಗದ ಭಾಷೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳೋದರ ಜೊತೆ.

ಇ-ಸಮ್ಮತಿ ಅಂದರೆ ಏನು? ಹಿಂದೆ ಹದಿನೈದು ಇಪ್ಪತ್ತು ಪುಟದ ಒಂದು ಕಟ್ಟು ಕೊಡುತ್ತಿದ್ದರು. ಅದರ ಬದಲು ಈಗ ಪರದೆಯ ಮೇಲೆ ವಿಡಿಯೋ, ಚಿತ್ರ, ಧ್ವನಿ. ಒಂದೊಂದು ಭಾಗ ಮುಗಿದ ಮೇಲೆ 'ನಿಮಗೆ ಅರ್ಥ ಆಯಿತಾ' ಅಂತ ಸಣ್ಣ ಪ್ರಶ್ನೆ. ಕೊನೆಗೆ ಪರದೆ ಮೇಲೆ ಸಹಿ, ಇಲ್ಲ ಓಟಿಪಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಡಿಸೆಂಬರಿನಲ್ಲೇ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅದೇ ಐಸಿಎಂಆರ್, 2017ರ ತನ್ನ ನೈತಿಕ ಮಾರ್ಗಸೂಚಿಯಲ್ಲಿ ಧ್ವನಿ, ಚಿತ್ರ, ವಿಡಿಯೋ ಬಳಸಿ ಎಲೆಕ್ಟ್ರಾನಿಕ್ ಆಗಿ ಸಮ್ಮತಿ ಪಡೆಯಬಹುದು ಅಂತ ಹೇಳಿದೆ. ಕೊರೋನಾ ಬಂದಾಗ, 2020ರಲ್ಲಿ, ರೋಗಿಯ ಹತ್ತಿರ ಹೋಗಲಾಗದ ಕಡೆ ಈ ದಾರಿ ಹಿಡಿಯಬಹುದು ಅಂತ ಮತ್ತೆ ಹೇಳಿತು. ಇದು ಎಲ್ಲಾ ಆಸ್ಪತ್ರೆಗೂ ಇವತ್ತೇ ಬಂದುಬಿಟ್ಟಿದೆ ಅಂತಲ್ಲ. ಬರುತ್ತಿದೆ. ಬರುವಾಗಲೇ ನಮ್ಮ ಜಾಗ ಕೇಳಬೇಕು. ಬಂದು ಕೂತ ಮೇಲೆ ಕೇಳಿದರೆ 'ಸಾಫ್ಟ್‌ವೇರಿನಲ್ಲಿ ಆ ಆಪ್ಷನ್ ಇಲ್ಲ' ಅಂತಾರೆ. ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ ಈ ಉತ್ತರ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ ಆಗಿದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದು ಉದಾಹರಣೆ ಅಂದುಕೊಳ್ಳಿ. ನಿಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ. ಧರ್ಮಪುರಿಗೋ ಸೇಲಂಗೋ ವೆಲ್ಲೂರಿಗೋ ಕರೆದುಕೊಂಡು ಹೋಗ್ತೀರಿ. ಅಲ್ಲಿ ಡಾಕ್ಟರು ಹೊಸ ಮಾತ್ರೆಯ ಟ್ರಯಲ್ ಇದೆ, ಸೇರ್ತೀರಾ ಅಂತ ಕೇಳ್ತಾರೆ. ಟ್ಯಾಬ್ಲೆಟ್ ಕೈಗೆ ಕೊಡ್ತಾರೆ. ಭಾಷೆ ಆರಿಸಿ ಅಂತ ಬರುತ್ತೆ: ತಮಿಳು, ಇಂಗ್ಲಿಷ್. ಅಜ್ಜಿ ಮನೆಯಲ್ಲಿ ಆಡೋದು ಕನ್ನಡ. ಸಂತೆಯಲ್ಲಿ ತಮಿಳು ಆಡ್ತಾರೆ, ವ್ಯವಹಾರಕ್ಕೆ ಆಗುವಷ್ಟು. ಓದೋಕೆ ಎರಡೂ ಬರಲ್ಲ. ನಿಮಗೆ ತಮಿಳು ಓದೋಕೆ ಬರುತ್ತೆ, ಸ್ಕೂಲಲ್ಲಿ ಅದೇ ಕಲಿತಿದ್ದೀರಿ. ಹಿಂದೆ ಇನ್ನೂ ಇಪ್ಪತ್ತು ಜನ ಕ್ಯೂ. ನೀವು ಏನು ಮಾಡ್ತೀರಿ? ಅಜ್ಜಿಯ ಕೈಯಿಂದ ಟ್ಯಾಬ್ಲೆಟ್ ತಗೊಂಡು, ಮುಂದೆ, ಮುಂದೆ, ಮುಂದೆ, ಒಪ್ಪಿದೆ. ಓಟಿಪಿ ಬರೋದೂ ನಿಮ್ಮ ಫೋನಿಗೇ. ಮುಗೀತು. ಅಜ್ಜಿ 'ಏನಪ್ಪಾ ಅದು' ಅಂದರೆ 'ಏನಿಲ್ಲ ಅಜ್ಜಿ, ಒಳ್ಳೇ ಮಾತ್ರೆ ಕೊಡ್ತಾರೆ' ಅಂತೀರಿ.

ನಗಬೇಡಿ. ಮೊಬೈಲಿನಲ್ಲಿ ಯಾವ ಆಪ್ ಹಾಕಿದರೂ ನಾವೆಲ್ಲ ಹೀಗೇ ಅಲ್ವಾ ಒತ್ತೋದು? ಈ ಅಭ್ಯಾಸವನ್ನೇ ಆಸ್ಪತ್ರೆಗೂ ತಗೊಂಡು ಹೋಗ್ತೀವಿ. ಅಲ್ಲೇ ಅಪಾಯ.

ಆ ಪುಟಗಳಲ್ಲಿ ಏನಿರುತ್ತೆ ಗೊತ್ತಾ? ಇದು ಚಿಕಿತ್ಸೆ ಅಲ್ಲ, ಸಂಶೋಧನೆ ಅಂತ ಇರುತ್ತೆ. ಹಲವು ಟ್ರಯಲ್‌ಗಳಲ್ಲಿ ಅಜ್ಜಿಗೆ ಹೊಸ ಮಾತ್ರೆ ಸಿಗಬಹುದು, ಹಳೆಯದು ಸಿಗಬಹುದು, ಔಷಧವೇ ಇಲ್ಲದ ಖಾಲಿ ಮಾತ್ರೆಯೂ ಸಿಗಬಹುದು. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ ತೀರ್ಮಾನ ಆಗುತ್ತೆ. ಡಾಕ್ಟರಿಗೂ ಗೊತ್ತಿರದೇ ಇರಬಹುದು. ಎಷ್ಟು ಸಲ ರಕ್ತ ತೆಗೀತಾರೆ, ಏನೇನು ತೊಂದರೆ ಆಗಬಹುದು, ಸೇರದೇ ಇದ್ದರೆ ಬೇರೆ ಯಾವ ಚಿಕಿತ್ಸೆ ಇದೆ, ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಬಿಟ್ಟರೂ ಮಾಮೂಲಿ ಚಿಕಿತ್ಸೆ ನಿಲ್ಲೋದಿಲ್ಲ, ಇದೆಲ್ಲ ಇರುತ್ತೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಸಮ್ಮತಿ ಪತ್ರದಲ್ಲಿ ಸೇರುವವರ ಉದ್ಯೋಗ, ವರ್ಷದ ಆದಾಯ, ನಾಮಿನಿಯ ಹೆಸರು, ವಿಳಾಸ ಕೇಳ್ತಾರೆ. ಯಾಕೆ ಅಂತ ಯೋಚನೆ ಮಾಡಿ. ಟ್ರಯಲ್‌ನಿಂದಲೇ ಜೀವಕ್ಕೆ ಏನಾದರೂ ಆದರೆ ಪರಿಹಾರ ಯಾರಿಗೆ ಹೋಗಬೇಕು ಅನ್ನೋದಕ್ಕೆ. ಇಷ್ಟು ತೂಕದ ಪುಟವನ್ನ ನೀವು ಹೆಬ್ಬೆರಳಲ್ಲಿ ಮೇಲಕ್ಕೆ ತಳ್ಳಿಬಿಟ್ಟಿರಿ.

ಕಾನೂನು ಏನು ಹೇಳುತ್ತೆ ನೋಡೋಣ. 2019ರ ಮಾರ್ಚಿನಲ್ಲಿ ಬಂದ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್‌ಗಳ ನಿಯಮಗಳು ಅಂತ ಇವೆ. ಅದರ ಪ್ರಕಾರ ಸಂಶೋಧಕರು ವಿಷಯವನ್ನ ಬಾಯಲ್ಲೂ ಹೇಳಬೇಕು, ಮಾಹಿತಿ ಪತ್ರವನ್ನೂ ಕೊಡಬೇಕು. ಅದು ತಾಂತ್ರಿಕ ಪದಗಳಿಲ್ಲದ, ಆ ವ್ಯಕ್ತಿಗೆ ಅರ್ಥ ಆಗುವ ಭಾಷೆಯಲ್ಲಿ ಇರಬೇಕು. ಆ ರಾಜ್ಯದ ಆಡಳಿತ ಭಾಷೆಯಲ್ಲಿ ಅಂತ ಇಲ್ಲ, ಗಮನಿಸಿ. ಆ ವ್ಯಕ್ತಿಗೆ ಅರ್ಥ ಆಗುವ ಭಾಷೆ. ಅಂದರೆ ತಮಿಳುನಾಡಿನ ಆಸ್ಪತ್ರೆಯಲ್ಲಿ ಕೂತ ಕನ್ನಡದ ಅಜ್ಜಿಗೆ ಕನ್ನಡ ಅನ್ನೋದು ಯಾರೋ ಮಾಡುವ ಉಪಕಾರ ಅಲ್ಲ. ಓದು ಬರಹ ಬಾರದವರಾದರೆ ಇಡೀ ಪ್ರಕ್ರಿಯೆ ಮುಗಿಯೋ ತನಕ ಒಬ್ಬ ನಿಷ್ಪಕ್ಷಪಾತ ಸಾಕ್ಷಿ ಜೊತೆಗೆ ಇರಬೇಕು, ಅವರೂ ಸಹಿ ಹಾಕಬೇಕು. ಸಾಕ್ಷಿ ಅಂದರೆ ಟ್ರಯಲ್ ನಡೆಸುವವರಿಗೆ ಸಂಬಂಧ ಇಲ್ಲದವರು. ಮಾಹಿತಿ ಪತ್ರ, ತುಂಬಿದ ಸಮ್ಮತಿ ಪತ್ರ ಎರಡರ ಪ್ರತಿಯನ್ನೂ ಮನೆಗೆ ಕೊಡಬೇಕು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಓದೋಕೆ ಬರಲ್ಲ ಅಂದ ಮಾತ್ರಕ್ಕೆ ಅಜ್ಜಿ ಒಪ್ಪಿಗೆ ಕೊಡೋಕೆ ಅಸಮರ್ಥರು ಅಂತ ಅಲ್ಲ. ಪ್ರಜ್ಞೆ ಇಲ್ಲದವರು, ತಾವೇ ತೀರ್ಮಾನ ಮಾಡಲಾಗದ ಸ್ಥಿತಿಯಲ್ಲಿ ಇರುವವರು, ಚಿಕ್ಕ ಮಕ್ಕಳು, ಇವರ ಪರವಾಗಿ ಕಾನೂನು ಒಪ್ಪುವ ಪ್ರತಿನಿಧಿ ಸಹಿ ಹಾಕಬಹುದು. ಮೂವತ್ತು ವರ್ಷ ಸಂಸಾರ ತೂಗಿಸಿ, ಹೊಲದ ಲೆಕ್ಕ ಬಾಯಲ್ಲೇ ಇಟ್ಟುಕೊಂಡ ಹೆಂಗಸು ಆ ಪಟ್ಟಿಗೆ ಸೇರೋದಿಲ್ಲ. ಮೊಮ್ಮಗ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಬಿಡಿಸಿ ಹೇಳೋದು ಬೇರೆ, ಅವರ ಬದಲು ಒಪ್ಪೋದು ಬೇರೆ. ಕಾಗದದ ಕಾಲದಲ್ಲಿ ಹೆಬ್ಬೆಟ್ಟಿಗೆ ಮಸಿ ಹಚ್ಚುವಾಗಲಾದರೂ ಅಜ್ಜಿಯ ಬೆರಳು ಬೇಕಿತ್ತು. ಪರದೆ ಬಂದ ಮೇಲೆ ಆ ಬೆರಳೂ ಬೇಡವಾಗುತ್ತೆ ಅನ್ನೋದೇ ನಮ್ಮ ಭಯ.

ಭಯ ಸುಮ್ಮನೆ ಅಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ, ಗುಜರಾತಿನ ವಡೋದರಾದಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಯೋಜನೆ ನಡೀತು. ಖಮ್ಮಂನಲ್ಲಿ ಬಹಳ ಮಕ್ಕಳು ಹಾಸ್ಟೆಲಿನಲ್ಲಿದ್ದ ಬುಡಕಟ್ಟು ಹುಡುಗಿಯರು. 2010ರಲ್ಲಿ ಅದನ್ನ ನಿಲ್ಲಿಸಿದರು. ಕೆಲವು ಮಕ್ಕಳ ಸಾವಾಗಿತ್ತು. ಅದಕ್ಕೂ ಲಸಿಕೆಗೂ ಸಂಬಂಧ ಕಾಣೋದಿಲ್ಲ ಅಂತ ತನಿಖೆ ಹೇಳಿತು, ಅದನ್ನೂ ನಾವು ಹೇಳಲೇಬೇಕು. ಲಸಿಕೆ ಕೆಟ್ಟದು ಅಂತ ಯಾರೂ ಇಲ್ಲಿಂದ ತಪ್ಪು ಸುದ್ದಿ ಒಯ್ಯಬೇಡಿ. ಆದರೆ 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಆ ಸಮ್ಮತಿ ಪತ್ರಗಳ ಕಥೆಯನ್ನ ಹೊರಗೆ ಹಾಕಿತು. ತಂದೆ ತಾಯಿ ಹಾಕಬೇಕಾದ ಸಹಿಯನ್ನ ಸಾವಿರಾರು ಪತ್ರಗಳಲ್ಲಿ ಹಾಸ್ಟೆಲ್ ವಾರ್ಡನ್‌ಗಳು ಹಾಕಿದ್ದರು. ಇನ್ನೆಷ್ಟೋ ಪತ್ರಗಳಲ್ಲಿ ಬರೀ ಹೆಬ್ಬೆಟ್ಟು. ಆಗ ವಾರ್ಡನ್, ನಾಳೆ ಮೊಮ್ಮಗ.

ಭಾಷೆ ಒಂದೇ ಸಾಲದು ಅನ್ನೋದಕ್ಕೂ ಉದಾಹರಣೆ ಇದೆ. 2021ರ ಜನವರಿಯಲ್ಲಿ ಭೋಪಾಲದಲ್ಲಿ, ಅನಿಲ ದುರಂತದ ಸಂತ್ರಸ್ತರು ಇರುವ ಬಡಾವಣೆಗಳ ಜನ ಕೊರೋನಾ ಲಸಿಕೆಯ ಟ್ರಯಲ್‌ನಲ್ಲಿ ಸೇರಿದ್ದರು. ನಾವು ಲಸಿಕೆ ಹಾಕಿಸಿಕೊಳ್ತಿದ್ದೀವಿ ಅಂದುಕೊಂಡೆವು, ಟ್ರಯಲ್ ಅಂತ ತಿಳಿದಿರಲಿಲ್ಲ, ಪತ್ರದ ಪ್ರತಿ ಕೊಡಲಿಲ್ಲ ಅಂತ ಅವರಲ್ಲಿ ಕೆಲವರು ದೂರಿದರು. ಆಸ್ಪತ್ರೆಯವರು ಇಲ್ಲ, ಎಲ್ಲಾ ಹೇಳಿಯೇ ಮಾಡಿದ್ದು ಅಂದರು. ಅಲ್ಲಿ ಕೇಳಿದವರ ಭಾಷೆಯೂ ಹಿಂದಿ, ಹೇಳಿದವರ ಭಾಷೆಯೂ ಹಿಂದಿ. ಆದರೂ ಹೀಗಾಯಿತು. ಭಾಷೆಯೂ ಬೇರೆ ಆದಾಗ ಹೇಗಿರಬೇಡ!

ಇಂಥ ದೂರುಗಳಿಂದಲೇ ನಮ್ಮ ದೇಶದಲ್ಲಿ ವಿಡಿಯೋ ದಾಖಲೆ ಬಂತು. ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಅನ್ನೋ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಆ ಮೊಕದ್ದಮೆಯಲ್ಲಿ 2013ರ ಅಕ್ಟೋಬರಿನಲ್ಲಿ ಕೋರ್ಟು ಸಮ್ಮತಿ ಪಡೆಯೋದನ್ನ ಆಡಿಯೋ-ವಿಡಿಯೋದಲ್ಲಿ ದಾಖಲಿಸಬೇಕು ಅಂತ ಹೇಳಿತು. 2015ರಲ್ಲಿ ನಿಯಮವನ್ನ ಸ್ವಲ್ಪ ಕಿರಿದು ಮಾಡಿದರು. ಈಗ ಪೂರ್ತಿ ಹೊಸ ರಾಸಾಯನಿಕದ ಔಷಧ ಆಗಿದ್ದು, ಸೇರುವವರು ದುರ್ಬಲ ಸ್ಥಿತಿಯವರಾದರೆ ವಿಡಿಯೋ ಕಡ್ಡಾಯ. ಎಚ್‌ಐವಿ, ಕುಷ್ಠರೋಗದ ಔಷಧಕ್ಕೆ ಧ್ವನಿ ಮಾತ್ರ ಸಾಕು. ದುರ್ಬಲ ಸ್ಥಿತಿಯವರು ಅಂದರೆ ಬಡವರು, ನಿರುದ್ಯೋಗಿಗಳು, ಗುಣವಾಗದ ಕಾಯಿಲೆ ಇರುವವರು, ಹೀಗೆ. ಈ ವಿಡಿಯೋದಲ್ಲಿ ಹೇಳಿದ್ದು ಮಾತ್ರ ಅಲ್ಲ, ಕೇಳಿದವರಿಗೆ ಅರ್ಥ ಆಗಿದೆ ಅನ್ನೋದೂ ಕಾಣಬೇಕು. ಅಜ್ಜಿ ತಮಿಳಿನಲ್ಲಿ 'ಸರಿ ಸರಿ' ಅಂತ ತಲೆ ಆಡಿಸಿದ್ದು ಅರ್ಥ ಆಗಿದ್ದಕ್ಕೆ ಸಾಕ್ಷಿ ಅಲ್ಲ. ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ ಮುಂದೆ ನಮ್ಮ ಹಿರಿಯರು ಎಲ್ಲದಕ್ಕೂ ತಲೆ ಆಡಿಸ್ತಾರೆ, ಯಾವ ಭಾಷೆಯಾದರೂ!

ಇಷ್ಟು ಹೇಳಿದ ಮೇಲೆ, ಇ-ಸಮ್ಮತಿ ಬೇಡ ಅಂತ ನಾವು ಹೇಳ್ತೀವಿ ಅಂದುಕೊಂಡಿರಾ? ಇಲ್ಲ. ಬೇಕು ಅಂತ ಹೇಳೋಕೇ ಬಂದಿದ್ದೀವಿ. ಗಡಿನಾಡ ಕನ್ನಡಿಗರಿಗೆ ಕಾಗದಕ್ಕಿಂತ ಇದರಲ್ಲೇ ಲಾಭ ಜಾಸ್ತಿ.

ಹೇಗೆ ಅಂತ ಕೇಳಿ. ದೊಡ್ಡ ಟ್ರಯಲ್‌ಗಳು ಒಂದೇ ಆಸ್ಪತ್ರೆಯಲ್ಲಿ ನಡೆಯೋದಿಲ್ಲ. ಚೆನ್ನೈ, ವೆಲ್ಲೂರು, ಬೆಂಗಳೂರು, ಮೈಸೂರು, ಹೀಗೆ ಹಲವು ಊರಲ್ಲಿ ಒಟ್ಟಿಗೆ ನಡೆಯುತ್ತೆ. ಬೆಂಗಳೂರಿನ ಆಸ್ಪತ್ರೆ ಆ ಪಟ್ಟಿಯಲ್ಲಿದ್ದರೆ ಅಲ್ಲಿಯ ರೋಗಿಗಳಿಗಾಗಿ ಕನ್ನಡ ಅನುವಾದ ಆಗಿರಲೇಬೇಕು. ಅಂದರೆ ಕನ್ನಡ ಪತ್ರ ಕಂಪನಿಯ ಕೈಯಲ್ಲಿ ಆಗಲೇ ಇದೆ. ಹೊಸದಾಗಿ ಬರೆಸುವ ಖರ್ಚಿಲ್ಲ. ಇಲ್ಲಿಯ ಆಸ್ಪತ್ರೆಯ ಎಥಿಕ್ಸ್ ಕಮಿಟಿ ಅದನ್ನ ನೋಡಿ ಒಪ್ಪಿಗೆ ಕೊಟ್ಟರೆ ಸಾಕು. ಕಾಗದವಾದರೆ 'ಒಬ್ಬಿಬ್ಬರಿಗೋಸ್ಕರ ಎಲ್ಲಿ ಪ್ರಿಂಟ್ ಹಾಕಿಸೋದು' ಅಂತ ನೆಪ ಹೇಳಬಹುದು. ಟ್ಯಾಬ್ಲೆಟ್ಟಿನಲ್ಲಿ ತಮಿಳಿನ ಕೆಳಗೆ ಕನ್ನಡ ಅಂತ ಇನ್ನೊಂದು ಗುಂಡಿ ಇಡೋಕೆ ಏನು ಕಷ್ಟ? ತಾಳವಾಡಿಯ ಒಬ್ಬರೇ ಒಬ್ಬರು ಬಂದರೂ ಅದೇ ಗುಂಡಿ ಸಾಕು. ಕಾಸರಗೋಡಿನ ನಮ್ಮವರಿಗೂ ಇದೇ ಲೆಕ್ಕ ಅನ್ವಯ ಆಗುತ್ತೆ, ಅಲ್ಲಿ ತಮಿಳಿನ ಜಾಗದಲ್ಲಿ ಮಲಯಾಳಂ ಅಷ್ಟೇ.

ಎರಡನೇದು ಇನ್ನೂ ದೊಡ್ಡದು. ನಮ್ಮ ಹಿರಿಯರಲ್ಲಿ ಕನ್ನಡ ಮಾತು ಇದೆ, ಅಕ್ಷರ ಇಲ್ಲ. ಯುವಕರಲ್ಲಿ ಅಕ್ಷರ ಇದೆ, ಅದು ತಮಿಳಿನದು. ಸೇಲಂನ ದೇವಾಂಗ ನೇಕಾರರ ಮನೆಗೆ ಹೋಗಿ ನೋಡಿ, ಮಗ್ಗದ ಮುಂದೆ ಕನ್ನಡ, ಗೋಡೆಯ ಕ್ಯಾಲೆಂಡರಿನಲ್ಲಿ ತಮಿಳು. ಇಂಥ ಜನಕ್ಕೆ ಕನ್ನಡ ಅಕ್ಷರದ ಕಾಗದ ಕೊಟ್ಟರೂ ಅರ್ಧ ಪ್ರಯೋಜನ. ಧ್ವನಿ ಕೊಟ್ಟರೆ ಪೂರ್ತಿ. ಇ-ಸಮ್ಮತಿ ಧ್ವನಿ ಕೊಡುತ್ತೆ.

ಆದರೆ ಎಂಥ ಧ್ವನಿ? ಬೆಂಗಳೂರಿನ ಪತ್ರಗಳ ಕನ್ನಡ ನೋಡಿದರೆ ಬೆಂಗಳೂರಿನವರಿಗೇ ಡಿಕ್ಷನರಿ ಬೇಕು. 'ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು', 'ಪ್ರತಿಕೂಲ ಘಟನೆ'! ಚೀಟಿ ಎತ್ತಿದ ಹಾಗೆ ಅನ್ನಬಾರದಾ? ಮಾತ್ರೆಯಿಂದ ಆಗೋ ತೊಂದರೆ ಅನ್ನಬಾರದಾ? ನಮ್ಮ ಕನ್ನಡದಲ್ಲಿ ತಮಿಳು ಪದ ಬೆರೆತಿದೆ, ಇಂಜೆಕ್ಷನ್‌ಗೆ ಊಸಿ ಅಂತಾರೆ. ಅದೇನು ಕೊಳಕಲ್ಲ. ಊಸಿ ಅಂದರೆ ಅಜ್ಜಿಗೆ ಅರ್ಥ ಆಗುತ್ತೆ ಅಂದರೆ ಧ್ವನಿಯಲ್ಲಿ ಊಸಿ ಅಂತಲೇ ಬರಲಿ. ಈ ಮಾತಿಗೆ ನಮ್ಮಲ್ಲೇ ಕೆಲವರಿಗೆ ಕೋಪ ಬರುತ್ತೆ, ಶುದ್ಧ ಕನ್ನಡ ಬೇಕು ಅಂತಾರೆ. ಶುದ್ಧ ಕನ್ನಡವನ್ನ ಕವಿಗೋಷ್ಠಿಗೆ ಇಟ್ಟುಕೊಳ್ಳೋಣ. ಆಸ್ಪತ್ರೆಗೆ ಬೇಕಿರೋದು ತಿಳಿಯುವ ಕನ್ನಡ. ಒಂದು ಎಚ್ಚರ: ಓದಿ ಹೇಳುವ ಆ ಮಾತನ್ನೂ ಎಥಿಕ್ಸ್ ಕಮಿಟಿ ಮೊದಲೇ ನೋಡಿ ಒಪ್ಪಿರಬೇಕು. ಆಸ್ಪತ್ರೆಯಲ್ಲಿ ಯಾರೋ ಕನ್ನಡ ಬರೋ ವಾರ್ಡ್ ಬಾಯ್ ತನಗೆ ತೋಚಿದ್ದನ್ನ ಹೇಳೋದಲ್ಲ.

ಪರದೆಯೇ ಬೇಡ ಅನ್ನುವವರಿಗೆ ಕಾಗದದ ದಾರಿಯೂ ತೆರೆದಿರಬೇಕು. ಅಮೆರಿಕದ ಮಾರ್ಗಸೂಚಿಯಲ್ಲೂ ಈ ಆಯ್ಕೆಯ ಮಾತಿದೆ. ಸಿಗ್ನಲ್ ಇಲ್ಲದ ಊರಿಂದ, ಬಟನ್ ಫೋನಿನಿಂದ ಬಂದವರನ್ನ ಲಿಂಕ್ ಕಳಿಸ್ತೀವಿ ಅಂತ ವಾಪಸ್ ಕಳಿಸೋದು ನ್ಯಾಯ ಅಲ್ಲ.

ಈಗ ಯುವಕರಿಗೇ ಒಂದು ಮಾತು, ಅಜ್ಜಿಯನ್ನ ಬಿಡಿ. ಬೆಂಗಳೂರು, ಚೆನ್ನೈ ಕಡೆ ಆರೋಗ್ಯವಂತ ಯುವಕರ ಮೇಲೆ ಔಷಧ ಕೊಟ್ಟು ರಕ್ತ ತೆಗೆದು ನೋಡುವ ಅಧ್ಯಯನಗಳು ನಡೆಯುತ್ತವೆ. ಒಂದು ಕಂಪನಿಯ ಮಾತ್ರೆ ಇನ್ನೊಂದು ಕಂಪನಿಯ ಮಾತ್ರೆಯ ಹಾಗೇ ರಕ್ತಕ್ಕೆ ಸೇರುತ್ತಾ ಅಂತ ನೋಡುವುದು. ಕೆಲವು ದಿನ ಅಲ್ಲೇ ಇರಬೇಕು, ದುಡ್ಡು ಕೊಡ್ತಾರೆ. ಇದು ಕಾನೂನಿನ ಒಳಗೇ ನಡೆಯುವ ಕೆಲಸ, 2019ರ ನಿಯಮವೇ ಇದಕ್ಕೂ ಅನ್ವಯ. ಆದರೆ ದುಡ್ಡಿನ ಅವಸರದಲ್ಲಿ ಒಂದು ಮುಗಿಸಿ ಕೂಡಲೇ ಇನ್ನೊಂದಕ್ಕೆ ಹೋಗೋದು, ಹಿಂದಿನದನ್ನ ಮುಚ್ಚಿಡೋದು ಬೇಡ. ಮಧ್ಯೆ ಬಿಡಬೇಕಾದ ದಿನಗಳು ಇರೋದು ನಿಮ್ಮ ಲಿವರ್, ಕಿಡ್ನಿ ಉಳಿಯಲಿ ಅಂತ. ಏಜೆಂಟ್ ನಿಮ್ಮ ಫೋನ್ ತಗೊಂಡು ತಾನೇ ಒಪ್ಪಿದೆ ಒತ್ತಿ ವಾಪಸ್ ಕೊಟ್ಟರೆ ಎದ್ದು ಬನ್ನಿ.

ಪೆಟ್ಟಾದರೆ ಏನು? ಟ್ರಯಲ್‌ನಲ್ಲಿ ಇರುವಾಗ ತೊಂದರೆ ಆದರೆ ಉಚಿತ ಚಿಕಿತ್ಸೆ ಕೊಡಬೇಕು, ಬೇಕಾದಷ್ಟು ದಿನ, ಇಲ್ಲವೇ ಅದಕ್ಕೂ ಟ್ರಯಲ್‌ಗೂ ಸಂಬಂಧ ಇಲ್ಲ ಅಂತ ಖಚಿತ ಆಗೋ ತನಕ. ಟ್ರಯಲ್‌ನಿಂದಲೇ ಅಂತಾದರೆ ಪರಿಹಾರ ಬೇರೆ. ಸಾವಿಗೆ ಪರಿಹಾರ ಲೆಕ್ಕ ಹಾಕೋಕೆ ಮೂಲ ಮೊತ್ತ 8 ಲಕ್ಷ ರೂಪಾಯಿ ಇಟ್ಟು, ವಯಸ್ಸು ಮತ್ತು ಕಾಯಿಲೆಯ ತೀವ್ರತೆ ಸೇರಿಸಿ ಒಂದು ಸೂತ್ರ ಇದೆ. ಗಂಭೀರ ತೊಂದರೆಯನ್ನ ಸಂಶೋಧಕರು 24 ಗಂಟೆಯೊಳಗೆ ಮೇಲಿನವರಿಗೆ ವರದಿ ಮಾಡಬೇಕು. ಇದೆಲ್ಲ ಕೇಳೋಕೆ ನಿಮ್ಮ ಕೈಯಲ್ಲಿ ಪ್ರತಿ ಇರಬೇಕು. ಇ-ಸಮ್ಮತಿ ಆದರೆ ಪಿಡಿಎಫ್ ನಿಮ್ಮ ಫೋನಿಗೆ ಬಂತಾ ನೋಡಿಕೊಂಡೇ ಎದ್ದೇಳಿ.

ಡೇಟಾ ಕಾನೂನಿನ ಬಗ್ಗೆ ಒಂದೆರಡು ಮಾತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವಾಗ ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ನೋಡುವ ಆಯ್ಕೆ ಕೊಡಬೇಕು ಅನ್ನುತ್ತೆ. ಕನ್ನಡ ಆ ಪರಿಚ್ಛೇದದಲ್ಲಿದೆ. ಯಾವ ರಾಜ್ಯದಲ್ಲಿ ಕೂತು ಕೇಳಿದಿರಿ ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಜಾರಿ ಹಂತ ಹಂತವಾಗಿ. ಸಂಶೋಧನೆಗೆ ಈ ಕಾಯ್ದೆಯಲ್ಲಿ ಕೆಲವು ವಿನಾಯಿತಿ ಇದೆ, ಆದ್ದರಿಂದ ಇದೊಂದನ್ನೇ ಹಿಡಿದು ಆಸ್ಪತ್ರೆಯಲ್ಲಿ ಜಗಳಕ್ಕೆ ನಿಲ್ಲಬೇಡಿ. 'ಅರ್ಥ ಆಗುವ ಭಾಷೆ' ಅನ್ನುವ 2019ರ ನಿಯಮವೇ ನಮಗೆ ಗಟ್ಟಿ.

ಧರ್ಮಪುರಿಯಲ್ಲಿ ನೊಳಂಬರ ಕಾಲದ, 9ನೇ ಶತಮಾನದ ಕನ್ನಡ ಶಾಸನ ಇದೆ ಅಂತ ಪ್ರತಿ ರಾಜ್ಯೋತ್ಸವದಲ್ಲಿ ಹೇಳಿ ಚಪ್ಪಾಳೆ ತಗೋತೀವಿ. ಆ ಕಲ್ಲಿನ ಪಕ್ಕದ ಊರಿನ ಆಸ್ಪತ್ರೆಯ ಪರದೆಯಲ್ಲಿ ಕನ್ನಡ ಬರುತ್ತಾ ಅಂತ ಈ ಸಲ ಕೇಳೋಣ.

ಕೇಳೋದು ಯಾರನ್ನ? ಎಥಿಕ್ಸ್ ಕಮಿಟಿಯನ್ನ. ಅದರಲ್ಲಿ ಕಡಿಮೆ ಅಂದರೂ 7 ಜನ ಇರಬೇಕು, ಅರ್ಧದಷ್ಟು ಜನ ಆ ಸಂಸ್ಥೆಗೆ ಸೇರದವರಾಗಿರಬೇಕು, ಒಬ್ಬ ಸಾಮಾನ್ಯ ನಾಗರಿಕ ಇರಲೇಬೇಕು. ಆ ಸಾಮಾನ್ಯ ನಾಗರಿಕ ಯಾಕೆ ನಮ್ಮ ಕನ್ನಡದ ಒಬ್ಬ ನಿವೃತ್ತ ಮೇಷ್ಟ್ರು ಆಗಬಾರದು? ಅರ್ಜಿ ಕನ್ನಡದಲ್ಲೇ ಬರೆಯಬಹುದಾ ಅಂತ ಕೇಳ್ತೀರಿ. ಸಂವಿಧಾನದ 350ನೇ ವಿಧಿ, ಕುಂದುಕೊರತೆಯ ಮನವಿಯನ್ನ ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಕೊಡಬಹುದು ಅನ್ನುತ್ತೆ. ಸರ್ಕಾರಿ ಆಸ್ಪತ್ರೆಗೆ ಕನ್ನಡದಲ್ಲಿ ಬರೆದು, ಜೊತೆಗೆ ತಮಿಳು ಪ್ರತಿಯನ್ನೂ ಇಡಿ. ತಮಿಳು ಅಧಿಕಾರಿಗಳು ನಮ್ಮ ಶತ್ರುಗಳಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ತಮಿಳು ಮಾತಾಡುವ ಅಜ್ಜಿಗೂ ತಮಿಳು ಪತ್ರ ಸಿಗಬೇಕು ಅಂತ ಅದೇ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ. ಅದನ್ನೂ ನಾವು ಒಪ್ಪುತ್ತೇವೆ.

ಯಾವ ಟ್ರಯಲ್ ಎಲ್ಲಿ ನಡೆಯುತ್ತಿದೆ ಅಂತ ತಿಳಿಯೋಕೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಇದೆ, ಸಿಟಿಆರ್‌ಐ ಅಂತ. 2007ರಲ್ಲಿ ಶುರುವಾಯಿತು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. ಆಸ್ಪತ್ರೆಗಳ ಹೆಸರು, ಊರು ಎಲ್ಲ ಅಲ್ಲಿ ಸಿಗುತ್ತೆ. ನಮ್ಮ ಕೆಲಸ ಅಲ್ಲಿಂದ ಶುರು. ಧರ್ಮಪುರಿ, ಕೃಷ್ಣಗಿರಿ, ಸೇಲಂ, ವೆಲ್ಲೂರಿನ ಆಸ್ಪತ್ರೆಗಳ ಹೆಸರು ಇರುವ ಟ್ರಯಲ್‌ಗಳನ್ನ ಹುಡುಕಿ, ಅದರಲ್ಲಿ ಬೆಂಗಳೂರು, ಮೈಸೂರು ಕೂಡ ಇರುವವನ್ನ ಬೇರೆ ಮಾಡಬೇಕು. ಕನ್ನಡ ಪತ್ರ ಕೇಳಬೇಕಾದ್ದು ಅವುಗಳಿಗೆ ಮೊದಲು. ಲ್ಯಾಪ್‌ಟಾಪ್ ಇರುವ ನಾಲ್ಕು ಜನ ಇವತ್ತೇ ಹೆಸರು ಕೊಡಿ. ಊರ ಕನ್ನಡದಲ್ಲಿ ಸ್ಪಷ್ಟವಾಗಿ ಮಾತಾಡುವ ಇಬ್ಬರು ಅಕ್ಕಂದಿರು ಧ್ವನಿ ಮಾದರಿಗೆ ಬೇಕು. ಅದನ್ನ ಅರ್ಜಿಯ ಜೊತೆ ಕಮಿಟಿಗೆ ಕೇಳಿಸೋಣ, ತಿಳಿಯುವ ಕನ್ನಡ ಅಂದರೆ ಹೀಗಿರುತ್ತೆ ಅಂತ. ಅರ್ಜಿಯ ಕರಡು ನಮ್ಮ ಹತ್ತಿರ ಇದೆ, ಊಟ ಆದ ಮೇಲೆ ಒಟ್ಟಿಗೆ ಕೂತು ತಿದ್ದೋಣ. ಅದಕ್ಕೂ ಮೊದಲು ಪ್ರಶ್ನೆ ಇದ್ದವರು ಕೇಳಿ, ಹಿಂದಿನ ಸಾಲಿನವರಿಗೆ ಮೊದಲ ಅವಕಾಶ.